ಕಡೇ ಹಾಳೆ ಇಲ್ಲದ ಯುದ್ಧ

ನಮ್ಮ ಭಾವ ಹನ್ನೊಂದು ವರ್ಷ ಯುದ್ಧ ಮಾಡಿದವರು. ಗಾಬರಿಯಾಗಬೇಡಿ! ಜಿರಲೆ ಕಂಡರೆ ಕುರ್ಚಿ ಹತ್ತಿ ನಿಂತು ಅಕ್ಕನನ್ನು ಕೂಗುವ ಮನುಷ್ಯ ಅವರು. ಅವರ ಯುದ್ಧ ನಡೆದದ್ದು ತುಮಕೂರಿನ ಅವರದೇ ಮನೆಯ ಹಾಲಿನಲ್ಲಿ, ಆರು ಜನ ಕೂತು ಉಣ್ಣಬಹುದಾದ ಡೈನಿಂಗ್ ಟೇಬಲ್ಲಿನ ಮೇಲೆ. ಆ ಹನ್ನೊಂದು ವರ್ಷ ಅದರ ಮೇಲೆ ಒಬ್ಬರೂ ಒಂದು ತುತ್ತು ಉಂಡಿದ್ದಿಲ್ಲ. ಬಂದ ನೆಂಟರಿಗೆಲ್ಲ ಅದರ ಪಕ್ಕದಲ್ಲೇ ಚಾಪೆ ಹಾಸಿ ನೆಲದ ಮೇಲೆ ಬಡಿಸುತ್ತಿದ್ದರು. "ಟೇಬಲ್ ಇದ್ಯಲ್ಲಮ್ಮ?" ಎಂದು ಯಾರಾದರೂ ಕೇಳಿದರೆ ಅಕ್ಕ ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, "ಅಲ್ಲಿ ಯುದ್ಧ ನಡೀತಾ ಇದೆ, ಸಾರು ಚೆಲ್ಲಿದ್ರೆ ಕಷ್ಟ" ಎನ್ನುತ್ತಿದ್ದಳು.

ಭಾವ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಟೂಲ್ ರೂಮ್ ಸೂಪರ್‌ವೈಸರ್. ನಾನು ಅವರ ಒಬ್ಬಳೇ ನಾದಿನಿ, ಗುಬ್ಬಿಯಲ್ಲಿ ಮೇಡಂ ಕೆಲಸ. ಶನಿವಾರ ಶಾಲೆ ಬಿಟ್ಟ ಕೂಡಲೇ ರೈಲು ಹತ್ತಿ ಅಕ್ಕನ ಮನೆಗೆ ಬರುತ್ತಿದ್ದೆನಾದ್ದರಿಂದ ಈ ಮಹಾಯುದ್ಧಕ್ಕೆ ನಾನೇ ಕಣ್ಣಾರೆ ಸಾಕ್ಷಿ.

ಶುರುವಾದದ್ದು ತೊಂಬತ್ತರ ದಶಕದಲ್ಲಿ, ರದ್ದಿ ಅಂಗಡಿಯಿಂದ. ಹಳೇ ಪೇಪರ್ ಹಾಕಿ ಬನ್ನಿ ಎಂದು ಅಕ್ಕ ಕಳಿಸಿದರೆ ಭಾವ ಅಲ್ಲಿಂದ ಇನ್ನಷ್ಟು ಹಳೇ ಪೇಪರ್ ತಂದರು! ಅದರಲ್ಲಿ ಪಿನ್ನು ಸಡಿಲವಾದ ಒಂದು ವಿದೇಶಿ ಪತ್ರಿಕೆ. ಬೆರಳುದ್ದದ ಸೈನಿಕರನ್ನು ಮಾಡಿ, ಬಣ್ಣ ಬಳಿದು, ಮೇಜಿನ ಮೇಲೆ ಗುಡ್ಡ, ಹೊಳೆ, ಕೋಟೆ ಎಲ್ಲಾ ಕಟ್ಟಿ, ಹಿಂದೆ ನಡೆದ ಯುದ್ಧವನ್ನೇ ಮತ್ತೆ ಆಡುವ ಆಟವಂತೆ. ದಾಳ ಹಾಕಬೇಕು, ಟೇಪು ಹಿಡಿದು ಅಳೆಯಬೇಕು, ಒಂದೊಂದೇ ಪಡೆಯನ್ನು ಮುಂದೆ ತಳ್ಳಬೇಕು. ಮನೆಗೆ ಬಂದು ಭಾವ ಹಾಲಿನಲ್ಲಿ ನಿಂತಲ್ಲೇ ಹನ್ನೆರಡು ಪುಟ ನಿಯಮ ಓದಿದರು. ಹನ್ನೆರಡನೇ ಪುಟದ ಕೊನೆಯಲ್ಲಿ 'ಯುದ್ಧ ಮುಗಿಯುವುದು ಯಾವಾಗ? ಗೆದ್ದವರು ಯಾರು?' ಎಂಬ ತಲೆಬರಹ. ಮಗುಚಿದರೆ ಮುಂದಿನ ಹಾಳೆ ಇಲ್ಲ!

ಬೇರೆ ಯಾರೇ ಆಗಿದ್ದರೂ ಪತ್ರಿಕೆ ಮಡಚಿ ಇಡುತ್ತಿದ್ದರು. ಭಾವ, "ಶುರು ಮಾಡೋದು ಗೊತ್ತಾಯ್ತಲ್ಲ, ಮುಗಿಸೋದು ಆಮೇಲೆ ನೋಡ್ಕೊಂಡ್ರಾಯ್ತು" ಎಂದರು. ಆ ಕಡೇ ಹಾಳೆ ಮನೆಯಲ್ಲೇ ಎಲ್ಲೋ ಉದುರಿದೆ ಎಂದು ಅವರ ನಂಬಿಕೆ. ಪ್ರತಿ ವರ್ಷ ಆಯುಧಪೂಜೆಗೆ ಮನೆ ಕ್ಲೀನ್ ಮಾಡುವಾಗ ಹಾಸಿಗೆ ಎತ್ತಿ, ಬೀರು ಸರಿಸಿ ಹುಡುಕುತ್ತಿದ್ದರು. ಮುಟ್ಟದಿದ್ದದ್ದು ಅಕ್ಕನ ಪುಸ್ತಕದ ಶೆಲ್ಫು ಒಂದೇ. ಅಕ್ಕ ಕಾದಂಬರಿ ಹುಚ್ಚಿನವಳು, ಒಗ್ಗರಣೆ ಸೀದರೂ ಪುಟ ಬಿಡುವವಳಲ್ಲ. ಅವಳ ಪುಸ್ತಕ ಇವರು ಮುಟ್ಟಕೂಡದು, ಇವರ ಸೈನ್ಯ ಅವಳು ಮುಟ್ಟಕೂಡದು ಎಂದು ಮನೆಯಲ್ಲಿ ಒಪ್ಪಂದವಾಗಿತ್ತು.

ಆಡಬೇಕಾದ ಯುದ್ಧ ಯಾವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಮೈಸೂರು ಸೈನ್ಯಕ್ಕೂ ಕುಂಪಣಿ ಸೈನ್ಯಕ್ಕೂ ಶ್ರೀರಂಗಪಟ್ಟಣದ ಕೋಟೆಗಾಗಿ ಯುದ್ಧ! ಸೈನಿಕರ ಅಚ್ಚುಗಳನ್ನು ಭಾವ ತಾವೇ ಕೆತ್ತಿಕೊಂಡರು. ಕುದುರೆ ಮಾತ್ರ ಕೈಗೆ ಹತ್ತಲಿಲ್ಲ. ಕೆತ್ತಿದ್ದೆಲ್ಲ ಕತ್ತೆಯಾಗುತ್ತಿತ್ತು. ಆಗ ಅವರಿಗೆ ನೆನಪಾದದ್ದು ತಮ್ಮ ತಾಯಿಯ ಕಾಲದ ಸಕ್ಕರೆ ಅಚ್ಚಿನ ಮರದ ಮಣೆಗಳು. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ಬೀರಲು ಆನೆ, ಗಿಳಿ, ತುಳಸಿಕಟ್ಟೆ ಹುಯ್ಯುತ್ತಾರಲ್ಲ, ಅದರಲ್ಲಿ ಅಂದವಾದ ಒಂದು ಕುದುರೆಯೂ ಇತ್ತು. ಸಕ್ಕರೆ ಪಾಕದ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದರು. ನಲವತ್ತು ಕುದುರೆಗಳ ಅಶ್ವದಳ ತಯಾರು! ಬಣ್ಣ ಹಚ್ಚುವ ಮುನ್ನ ಒಣಗಲಿ ಎಂದು ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ ಅಡುಗೆಮನೆ ಕಟ್ಟೆಯ ಮೇಲಿಟ್ಟು ಡ್ಯೂಟಿಗೆ ಹೋದರು.

ಅವತ್ತೇ ಸಂಕ್ರಾಂತಿ. ಇನ್ನು ನಾನು ಹೇಳಬೇಕೆ?

ಐದು ವರ್ಷದ ಪುಟ್ಟಿ, ಅಂದರೆ ಭಾವನ ಮಗಳು, ಹೊಸ ಲಂಗ ತೊಟ್ಟು ಬೀದಿಯ ಇಪ್ಪತ್ತು ಮನೆಗೆ ಎಳ್ಳು ಬೀರಿ ಬಂದಳು. ಮನೆಗೆ ಎರಡರಂತೆ ಕುದುರೆ! ಅಕ್ಕನಿಗೆ ಸಂಶಯವೇ ಬರಲಿಲ್ಲ. ಅವಳು ಹುಯ್ದಿದ್ದ ಸಕ್ಕರೆ ಅಚ್ಚು ಡಬ್ಬಿಯಲ್ಲೇ ಉಳಿದಿತ್ತು. ಭಾವ ವಾಪಸು ಬಂದು ಖಾಲಿ ತಟ್ಟೆ ನೋಡಿದವರು ಯೂನಿಫಾರಂ ಕೂಡ ಬಿಚ್ಚದೆ ಬೀದಿಗೆ ಇಳಿದರು.

"ಸಾರ್, ನಿಮ್ಮನೆಗೆ ನಂದೆರಡು ಕುದುರೆ ಬಂದವೆ."

"ಕುದುರೇನಾ?"

"ಹೂಂ ಸಾರ್, ಬಿಳೀವು. ಎಳ್ಳಿನ ಜೊತೆ."

ಎದುರು ಮನೆಯ ರಿಟೈರ್ಡ್ ಹೆಡ್ಮಾಸ್ಟರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡೇ ಬಾಗಿಲು ತೆಗೆದರು. "ಬಂದಿದ್ವು ಕಣಯ್ಯ. ನನ್ನ ಹಲ್ಲಿನ ಸೆಟ್ಟು ಅದರ ಮೇಲೇ ಸವಾರಿ ಹೋಯ್ತು!" ಎಂದರು. ಭಾವನಿಗೆ ಹಲ್ಲಿನ ಚಿಂತೆ ಎಲ್ಲಿಂದ ಬರಬೇಕು? "ಕಾಲು ಮುರಿದಿಲ್ಲ ತಾನೆ ಸಾರ್?" ಎಂದು ಕೇಳಿದರು. ಹೆಡ್ಮಾಸ್ಟರು ತಮ್ಮ ಕಾಲನ್ನು ವಿಚಾರಿಸುತ್ತಿದ್ದಾರೆಂದುಕೊಂಡು, "ಕಾಲೇನೋ ಸರಿಯಾಗಿದೆ" ಎಂದರು. ಮೂವತ್ತೊಂಬತ್ತು ಕುದುರೆ ವಾಪಸಾದವು. ಮೂಲೆಮನೆಯ ಅಜ್ಜಿ ಮಾತ್ರ ಒಂದನ್ನು ಆಗಲೇ ದೇವರ ಮುಂದಿಟ್ಟು ಅರಿಶಿನ-ಕುಂಕುಮ ಹಚ್ಚಿಬಿಟ್ಟಿತ್ತು. "ದೇವ್ರಿಗೆ ಇಟ್ಟಿದ್ದ ಹೆಂಗ್ ತೆಗೀಲಪ್ಪ? ಬುಡು, ಅಲ್ಲೇ ಇರ್ಲಿ" ಎಂದಿತು. ಭಾವ ತಮ್ಮ ಸೈನ್ಯದ ನೋಟ್‌ಬುಕ್ಕಿನಲ್ಲಿ 'ಒಂದು ಕುದುರೆ: ದೇವರ ಡ್ಯೂಟಿ ಮೇಲೆ' ಎಂದು ಬರೆದುಕೊಂಡರು.

ಸೈನ್ಯವೇನೋ ಆಯಿತು. ಎದುರಾಳಿ ಬೇಡವೇ? ಎದುರಾಳಿಯನ್ನು ಹುಡುಕಿಕೊಟ್ಟ ಪಾಪ ನನ್ನದು. ಗುಬ್ಬಿಯ ಬಸ್ ಸ್ಟ್ಯಾಂಡ್ ಹತ್ತಿರ ವಾಚ್ ರಿಪೇರಿ ಮಾಡುವ ಒಬ್ಬ ಸಾಬರಿದ್ದರು. ನಿಂತುಹೋದ ವಾಚು ಕೊಡಲು ಹೋದರೆ, ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೈಸೂರಿನ ಚರಿತ್ರೆಯ ದಪ್ಪ ಪುಸ್ತಕ ಓದುತ್ತಾ ಕೂತಿದ್ದರು. "ಮೇಡಂ, ಈ ಕೋಟೆ ಗೋಡೆ ಬಿದ್ದ ಜಾಗ ತಪ್ಪು ಬರ್ದವ್ರೆ" ಎಂದು ನನ್ನ ಮುಂದೆ ಜಗಳಕ್ಕೇ ನಿಂತರು. ಇಂಥವರು ಇನ್ನೊಬ್ಬರಿದ್ದಾರೆ ಸಾಬ್ರೆ ಎಂದು ಭಾವನ ವಿಳಾಸ ಕೊಟ್ಟೆ. ಮುಂದಿನ ಭಾನುವಾರವೇ ರೈಲಿಳಿದು ಬಂದರು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ.

ಯುದ್ಧ ಶುರುವಾಗುವ ಮೊದಲೇ ಯುದ್ಧ ಶುರುವಾಯಿತು.

"ಸಾರ್, ನಾನು ಕುಂಪಣಿ ಕಡೆ ಆಗಕ್ಕಿಲ್ಲ. ನಮ್ಮ ತಾತಂಗೆ ಗೊತ್ತಾದ್ರೆ ಗೋರಿಯಿಂದ ಎದ್ದು ಬತ್ತಾರೆ!"

"ನಾನಾದ್ರೂ ಹೆಂಗಾಗ್ಲಿ ಸಾಬ್ರೆ? ನಮ್ಮ ತಾತನೂ ಇದೇ ಸೀಮೆ ನೀರು ಕುಡಿದವ್ರೇ!"

ಅಕ್ಕ ಅಡುಗೆಮನೆಯಿಂದ ಕೂಗಿದಳು. "ಇಬ್ರೂ ಮೈಸೂರೇ ಆಗ್ಬಿಡಿ. ಯುದ್ಧ ಬೇಡ, ಊಟಕ್ಕೆ ಏಳಿ."

ಕೊನೆಗೆ ರಾಜಿಯಾಯಿತು. ಒಂದು ವಾರ ಭಾವ ಮೈಸೂರು, ಮುಂದಿನ ವಾರ ಸಾಬರು ಮೈಸೂರು. ಇದರ ಪರಿಣಾಮ ಏನೆಂದು ಊಹಿಸಬಲ್ಲಿರಾ? ಕುಂಪಣಿಯ ಪಾಳಿ ಬಂದವರು ಗೆಲ್ಲಲು ಮನಸ್ಸೇ ಮಾಡುತ್ತಿರಲಿಲ್ಲ! ದಾಳದ ಬದಲು ಅಕ್ಕನ ಚೌಕಾಬಾರದ ಕವಡೆ. ಕುಂಪಣಿಗೆ ಒಳ್ಳೆಯ ಗರ ಬಿದ್ದರೆ ಬಿದ್ದವರೇ "ಛೆ, ಕವಡೆ ಜಾರ್ತು, ಲೆಕ್ಕಕ್ಕಿಲ್ಲ" ಎಂದು ಮತ್ತೆ ಹಾಕುತ್ತಿದ್ದರು. ಕುಂಪಣಿ ಪಡೆ ಹೊಳೆ ದಾಟುವುದೋ ಬೇಡವೋ ಎಂದು ಎಂಟು ವಾರ ದಡದಲ್ಲೇ ನಿಂತಿತ್ತು. ಬಿದ್ದ ಸೈನಿಕರನ್ನು ಸೋಪಿನ ಡಬ್ಬಿಯ ಆಸ್ಪತ್ರೆಯಲ್ಲಿ ಮಲಗಿಸಿ ಮುಂದಿನ ವಾರ ಗುಣವಾಯಿತೆಂದು ಎಬ್ಬಿಸುತ್ತಿದ್ದರು. ಹೀಗಿರುವಾಗ ಕೋಟೆ ಬೀಳುವುದು ಎಲ್ಲಿಂದ? ಒಮ್ಮೆ ಮಾತ್ರ ಎರಡೂ ಸೈನ್ಯ ಪೂರ್ತಿ ಚೆಲ್ಲಾಪಿಲ್ಲಿಯಾದವು. ರಣರಂಗಕ್ಕೆ ಮಣ್ಣಿನ ಬಣ್ಣ ಬರಲೆಂದು ಭಾವ ರಾಗಿ ಹರಡಿದ್ದರು. ವೆಂಟಿಲೇಟರಿನಿಂದ ಗುಬ್ಬಿಗಳ ದಂಡು ನುಗ್ಗಿ ಬಂದು ನೆಲವನ್ನೇ ತಿಂದು ಹೋಯಿತು. "ಗುಬ್ಬಿಯವರನ್ನ ನಂಬಬಾರ್ದು" ಎಂದು ಭಾವ ಹೇಳಿದ್ದಕ್ಕೆ ಸಾಬರು, "ನೋಡಿ ಸಾರ್, ಊರಿನ ಹೆಸರು ತೆಗೀಬೇಡಿ" ಎಂದು ಅರ್ಧ ಗಂಟೆ ಮಾತು ಬಿಟ್ಟರು.

ಭಾವನ ಹುಚ್ಚು ಟೇಬಲ್ಲಿನ ಮೇಲಷ್ಟೇ ಇದ್ದಿದ್ದರೆ ಹೇಗೋ ಸಹಿಸಬಹುದಿತ್ತು. ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದರೆ ನಾವು ದೇವಸ್ಥಾನ ಸುತ್ತುತ್ತಿದ್ದೆವು, ಅವರು ಬಂಡೆ ಹತ್ತಿ ಫಿರಂಗಿ ಎಲ್ಲಿಡಬೇಕೆಂದು ನೋಡುತ್ತಿದ್ದರು. ಕುಣಿಗಲ್‌ನಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ. ಮುಹೂರ್ತದ ಹೊತ್ತಿಗೆ ಭಾವ ಮಾಯ! ಛತ್ರವೆಲ್ಲ ಹುಡುಕಿದೆವು, ಕೆರೆ ಏರಿಯ ಮೇಲೂ ನೋಡಿಬಂದೆವು. ಅಕ್ಕನ ಮುಖ ಕೆಂಪಾಗಿತ್ತು. ಎಲ್ಲರೂ ಗ್ರೂಪ್ ಫೋಟೋಗೆ ನಿಂತ ಹೊತ್ತಿಗೆ ಬಂದರು, ರೇಷ್ಮೆ ಪಂಚೆಯ ತುಂಬಾ ಹುಲ್ಲಿನ ಮುಳ್ಳು. ತಾವು ಕೆತ್ತಿದ ಕುದುರೆ ಕತ್ತೆಯಾಗುವುದೇಕೆಂದು ನೋಡಲು ಕುದುರೆ ಫಾರಂನ ಬೇಲಿಯ ಹೊರಗೆ ಎರಡು ಗಂಟೆ ಕುಕ್ಕರಗಾಲಲ್ಲಿ ಕೂತಿದ್ದರಂತೆ! ನೇರ ಸ್ಟೇಜ್ ಹತ್ತಿ, ಅಕ್ಷತೆ ಹಾಕುವ ಬದಲು ಮದುಮಗಳ ಮುಂದೆ ನಿಂತು ಅರಳಿದ ಮುಖದಲ್ಲಿ, "ಹಿಂಗಾಲು ಕಣಮ್ಮ! ಹಿಂಗಾಲು ಮಡಚೋದನ್ನ ನಾನು ಇಷ್ಟು ವರ್ಷ ತಪ್ಪು ಮಾಡ್ಬಿಟ್ಟಿದ್ದೆ!" ಎಂದರು. ಆ ಹುಡುಗಿ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಫೋಟೋದಲ್ಲಿ ಅವಳು ಈಗಲೂ ಕೆಳಗೇ ನೋಡುತ್ತಿದ್ದಾಳೆ.

ನನಗೂ ಭಾವನ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಒಂದೇ ಸಲ. ಮಧ್ಯದಲ್ಲೊಂದು ವರ್ಷ ಕಾರ್ಖಾನೆ ಲಾಕೌಟ್ ಆಯಿತು. ಜೊತೆಯವರು ಮಾಲೀಕರನ್ನು ಬೈಯುತ್ತಾ, ಬೇರೆ ಕೆಲಸ ಹುಡುಕುತ್ತಾ ಓಡಾಡುತ್ತಿದ್ದರು. ಕೆಲವರು ಕುಡಿತಕ್ಕೆ ಬಿದ್ದರು. ನಮ್ಮ ಭಾವ? ದಿನವೂ ಬೆಳಿಗ್ಗೆ ಯೂನಿಫಾರಂ ತೊಟ್ಟು, ಶಿಫ್ಟ್ ಶುರುವಾಗುವ ಹೊತ್ತಿಗೆ ಸರಿಯಾಗಿ ಆ ಟೇಬಲ್ಲಿನ ಮುಂದೆ ಕೂತು ಸೈನಿಕರ ಗುಂಡಿಗಳಿಗೆ ಬಣ್ಣ ಹಚ್ಚುತ್ತಿದ್ದರು. ಅಕ್ಕ ಎಂದಿನಂತೆ ಟಿಫನ್ ಕ್ಯಾರಿಯರ್ ಕಟ್ಟಿ ಟೇಬಲ್ಲಿನ ಮೂಲೆಯಲ್ಲಿಡುತ್ತಿದ್ದಳು. ಊಟದ ಸೈರನ್ನಿನ ಸಮಯಕ್ಕೆ ಇವರು ಅದನ್ನು ನೆಲಕ್ಕಿಳಿಸಿ ಬಿಚ್ಚಿ ಉಣ್ಣುತ್ತಿದ್ದರು. ಒಂದು ಶನಿವಾರ ಇದನ್ನು ನೋಡಿ, ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಕೂಗಾಡಿ ಹೋಗಿದ್ದೆ.  ಎಂಟು ತಿಂಗಳ ಮೇಲೆ ಕಾರ್ಖಾನೆ ತೆರೆಯಿತು, ಭಾವ ಅದೇ ಯೂನಿಫಾರಂನಲ್ಲಿ ಡ್ಯೂಟಿಗೆ ಹೋದರು.

ಇನ್ನು ಪುಟ್ಟಿಯ ಕತೆ. ಅವಳು ಎಸ್ಸೆಸ್ಸೆಲ್ಸಿಗೆ ಬಂದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೈಸೂರಿನ ಕೊನೆಯ ಯುದ್ಧದ ಪರಿಣಾಮಗಳನ್ನು ವಿವರಿಸಿ ಎಂದು ನಾಲ್ಕು ಅಂಕದ ಪ್ರಶ್ನೆ. ನಮ್ಮ ಹುಡುಗಿ ಏನು ಬರೆದಿದ್ದಳು ಗೊತ್ತೇ? 'ಯುದ್ಧ ಇನ್ನೂ ಮುಗಿದಿಲ್ಲ. ಮುಗಿದ ಮೇಲೆ ಪರಿಣಾಮ ತಿಳಿಯುತ್ತದೆ.'

ಶಾಲೆಯಿಂದ ಕರೆ ಬಂತು. ಅಕ್ಕ, ಭಾವ ಇಬ್ಬರೂ ಹೋದರು. ಭಾವ ಉತ್ತರ ಪತ್ರಿಕೆ ಓದಿ ಹಿಗ್ಗಿಹೋದರು. "ಇದರಲ್ಲಿ ತಪ್ಪೇನಿದೆ ಮೇಡಂ? ಹನ್ನೊಂದು ವರ್ಷದಿಂದ ನಾವು ಆಡ್ತಿರೋ ಯುದ್ಧನ ನಿಮ್ಮ ಟೆಕ್ಸ್ಟ್ ಬುಕ್ಕಲ್ಲಿ ನಾಲ್ಕೇ ಸಾಲಲ್ಲಿ ಮುಗಿಸವ್ರಲ್ಲ, ಅದು ತಪ್ಪು!" ಎಂದರು.  ಅಕ್ಕ ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ರೀ, ಮಗು ಗ್ಯಾಸ್ ಸಿಲಿಂಡರ್ ಮೇಲೆ ಪುಸ್ತಕ ಇಟ್ಕೊಂಡು ಓದ್ತಾ ಇದೆ. ಮನೇಲಿ ಟೇಬಲ್ ಇದ್ದೂ! ಬರೋ ಭಾನುವಾರ ನೀವೂ ಸಾಬ್ರೂ ಕೂತು ಗೆದ್ದೋರ್ಯಾರು, ಸೋತೋರ್ಯಾರು ತೀರ್ಮಾನ ಮಾಡಿ. ಇಲ್ಲಾಂದ್ರೆ ನಿಮ್ಮ ದಂಡನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕ್ತೀನಿ. ನನ್ನ ಮಗಳ ಪರೀಕ್ಷೆ ಮುಖ್ಯ."

ಭಾವ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲವಂತೆ. ಅಟ್ಟದಲ್ಲಿ ಇಲಿಗಳಿದ್ದವು. ಪ್ಲಾಸ್ಟರಿನ ಕುದುರೆಗಳು ಚೀಲದಲ್ಲಿ ಒಂದಕ್ಕೊಂದು ತಾಗಿದರೆ ಪುಡಿಯಾಗುತ್ತವೆಂದು ಅವರಿಗೂ ಗೊತ್ತು, ಅಕ್ಕನಿಗೂ ಗೊತ್ತು.

ಆ ಭಾನುವಾರ ಸಾಬರು ಬಿಸ್ಕತ್ತು ಕೂಡ ತರಲಿಲ್ಲ. ಇಬ್ಬರೂ ಎದುರುಬದುರು ಕೂತರು. ಕವಡೆ ಮುಟ್ಟುವವರಿಲ್ಲ.

"ನೀವೇ ಗೆದ್ಬುಡಿ ಸಾರ್. ಈ ವಾರ ಮೈಸೂರು ನೀವೇ ತಾನೆ."

"ಅದೆಂಗಾಗುತ್ತೆ ಸಾಬ್ರೆ? ಗೆದ್ದೆ ಅನ್ನೋಕೆ ನಿಯಮ ಬೇಡ್ವಾ? ಕಡೇ ಹಾಳೆ ಒಂದಿದ್ದಿದ್ರೆ ಐದು ನಿಮಿಷದ ಕೆಲಸ."

ಕಾಫಿ ತಂದಿದ್ದ ಅಕ್ಕ ಲೋಟಗಳನ್ನು ಕೆಳಗಿಟ್ಟು ಸರಸರನೆ ಒಳಗೆ ಹೋದಳು. ನನಗೆ ಆ ಇಬ್ಬರ ಮುಖ ನೋಡುತ್ತಾ ಕೂರಲಾಗಲಿಲ್ಲ. ರೈಲಿನಲ್ಲಿ ಓದಲು ಏನಾದರೂ ಎತ್ತಿಕೊಳ್ಳೋಣವೆಂದು ರೂಮಿಗೆ ಹೋಗಿ ಅಕ್ಕನ ಶೆಲ್ಫಿನಿಂದ ಒಂದು ದಪ್ಪ ಕಾದಂಬರಿ ಎಳೆದೆ. ನಾಲ್ಕಾಗಿ ಮಡಚಿದ ಒಂದು ಹಾಳೆ ಕಾಲ ಬಳಿ ಬಿತ್ತು. ಇಂಗ್ಲಿಷ್ ಅಚ್ಚು. ಪಿನ್ನು ಕಿತ್ತ ಗುರುತು. ಮೇಲ್ಗಡೆ ಹದಿಮೂರನೇ ಪುಟ!

ನಾನು ಅಡುಗೆಮನೆಗೆ ಹಾರಿದೆ. "ಅಕ್ಕಾ! ಸಿಕ್ತು ಕಣೇ! ಕಡೇ ಹಾಳೆ! ನಿನ್ನ ಪುಸ್ತಕದಲ್ಲೇ—"

ಅಕ್ಕ ನನ್ನ ಬಾಯಿ ಮುಚ್ಚಿದಳು. ಅವಳ ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ವಾಸನೆ.

"ಕೂಗ್ಬೇಡ್ವೇ. ನಂಗೊತ್ತು. ನಾನೇ ಇಟ್ಟಿರೋದು."

"ನೀನಾ? ಯಾವಾಗ್ಲಿಂದ?"

"ಲಾಕೌಟ್ ಆಗಿತ್ತಲ್ಲ, ಆಗ. ಗೂಡಿಗೆ ಹಾಸಿದ್ದ ಪೇಪರ್ ಬದಲಾಯಿಸ್ತಿದ್ದೆ, ಅಡೀಲಿ ಇತ್ತು. ನಾನೇ ನೋಡದೆ ಹಾಸ್ಬಿಟ್ಟಿದ್ದೆ ಅನ್ಸುತ್ತೆ. ಡಿಕ್ಷನರಿ ಇಟ್ಕೊಂಡು ಓದ್ದೆ ಕಣೇ. ನೀನೂ ಓದು."

ಓದಿದೆ. ಒಂದು ಕಡೆಯ ಸೈನ್ಯ ಅರ್ಧಕ್ಕಿಂತ ಕಡಿಮೆಯಾದರೆ ಯುದ್ಧ ಮುಗಿಯಿತು. ಆಟಗಾರರು ಕೈ ಕುಲುಕಬೇಕು, ಸೈನಿಕರನ್ನು ಪೆಟ್ಟಿಗೆಯಲ್ಲಿಡಬೇಕು, ಮೇಜನ್ನು ಮನೆಯವರ ಊಟಕ್ಕೆ ಬಿಟ್ಟುಕೊಡಬೇಕು. ಹನ್ನೊಂದು ವರ್ಷದಿಂದ ಅಕ್ಕ ಬಾಯಿ ಬಡಿದುಕೊಳ್ಳುತ್ತಿದ್ದುದೂ ಅದನ್ನೇ ಅಲ್ಲವೇ! ಇಂಥಾ ಹಾಳೆಯನ್ನು ಕೈಯಲ್ಲಿಟ್ಟುಕೊಂಡು ಇವಳು ಬಚ್ಚಿಟ್ಟಿದ್ದಾಳೆ!

"ಆಗ ಅವ್ರಿಗೆ ಹೋಗೋಕೆ ಡ್ಯೂಟಿ ಇರ್ಲಿಲ್ಲ" ಎಂದಳು ಅಕ್ಕ, ಸೊಪ್ಪು ಬಿಡಿಸುತ್ತಾ. "ದಿನಾ ಎದ್ದು ಯೂನಿಫಾರಂ ಹಾಕ್ಕೋಳಕ್ಕೆ ಇದೊಂದೇ ಇತ್ತು. ಇದೂ ಮುಗಿದೋದ್ರೆ? ಕೊಡೋಕೆ ಮನಸ್ಸಾಗ್ಲಿಲ್ಲ. ಆಮೇಲೂ ಆಗ್ಲಿಲ್ಲ. ಟೇಬಲ್ ಬೇಕು ಕಣೇ, ಸುಳ್ಳಲ್ಲ. ಆದ್ರೆ ಇದನ್ನ ಕೊಟ್ಟು ಅಲ್ಲ."

ಕಣ್ಣೊರೆಸಿಕೊಂಡು ಹಾಲಿಗೆ ಹೋದವಳ ದನಿ ಮಾತ್ರ ಎಂದಿನ ಹಾಗೇ ಖಾರವಾಗಿತ್ತು. "ಸಾಕು ಬಿಡ್ರೀ, ನಿಮ್ಮಿಬ್ರಿಂದ ಆಗೋ ಕೆಲಸ ಅಲ್ಲ ಇದು. ಹೊಳೆಯಿಂದ ಈಚೆ ಅರ್ಧ ಟೇಬಲ್ ಪುಟ್ಟಿಗೆ ಕೊಡಿ. ಆಚೆ ಏನಾದ್ರೂ ಮಾಡ್ಕೊಳ್ಳಿ."

ಸಾಬರು "ಅಲ್ಲಾ!" ಎಂದು ಎದ್ದುನಿಂತು ತಾವೇ ಫಿರಂಗಿ ಸರಿಸತೊಡಗಿದರು. ಪುಟ್ಟಿ ತನ್ನ ಪುಸ್ತಕಗಳನ್ನು ಹೊಳೆಯ ದಂಡೆಯುದ್ದಕ್ಕೂ ಗೋಡೆಯಂತೆ ನಿಲ್ಲಿಸಿ, "ಈ ಕಡೆ ಗುಂಡು ಬಿದ್ರೆ ಅಮ್ಮಂಗೆ ಹೇಳ್ತೀನಿ" ಎಂದಳು. ನಾನು ಹಾಳೆಯನ್ನು ಮೊದಲಿದ್ದ ಹಾಗೇ ಮಡಚಿ ಕಾದಂಬರಿಯೊಳಗೆ ಇಟ್ಟು ಬಂದೆ.

ಸಂಜೆ ಭಾವ ನನ್ನನ್ನು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಟ್ಟರು. ಸಾಬರು ಮುಂಚಿನ ರೈಲಿಗೇ ಹೋಗಿಯಾಗಿತ್ತು. ಬ್ಯಾಗು ಕೈಗೆ ಕೊಡುತ್ತಾ ಭಾವ ಮೆಲ್ಲಗೆ ಕೇಳಿದರು.

"ಹಾಳೆ ವಾಪಸ್ ಅಲ್ಲೇ ಇಟ್ಟೆ ತಾನೇನಮ್ಮ?"



"ನಿಮಗೆ... ಗೊತ್ತಾ ಭಾವ?"

"ಲಾಕೌಟ್ ಮುಗಿದ ವರ್ಷಾನೇ ಗೊತ್ತಾಯ್ತು. ಕನ್ನಡಕ ಹುಡುಕ್ತಾ ಆ ಶೆಲ್ಫಿಗೆ ಕೈ ಹಾಕಿದ್ದೆ. ಯಾವ ಹಾಳೆ ಅಂತ ತಿಳೀತು, ಓದೋಕೆ ಹೋಗ್ಲಿಲ್ಲ, ಹಂಗೇ ಮಡಚಿಟ್ಟೆ. ಇವತ್ತು ಅಡುಗೆಮನೇಲಿ ನೀನು ಕೂಗಿದ್ದು ಕೇಳಿ, ಕೊಟ್ಟೇ ಬಿಡ್ತಾಳೇನೋ ಅಂತ ಎದೆ ಹೊಡ್ಕೋತಿತ್ತು ಕಣಮ್ಮ."

"ಮತ್ತೆ ಪ್ರತಿ ವರ್ಷ ಮನೆಯೆಲ್ಲ ಕಿತ್ತು ಹುಡುಕ್ತೀರಲ್ಲ, ಅದ್ಯಾಕೆ?"

"ಹುಡುಕೋದು ಬಿಟ್ರೆ ನಂಗೆ ಗೊತ್ತು ಅಂತ ಅವಳಿಗೆ ಗೊತ್ತಾಗೋಗುತ್ತಲ್ಲ! ಪಾಪ, ನನಗೋಸ್ಕರ ಬಚ್ಚಿಟ್ಟವ್ಳೆ."

ರೈಲು ಬಂತು.  ಗುಬ್ಬಿ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.

ಪುಟ್ಟಿ ಆ ವರ್ಷ ಚರಿತ್ರೆಯಲ್ಲಿ ಪಾಸಾದಳು, ಯುದ್ಧ ಮುಗಿಯಿತೆಂದು ಪರೀಕ್ಷೆಯ ಮಟ್ಟಿಗೆ ಒಪ್ಪಿಕೊಂಡು. ಮುಂದಿನ ಆಯುಧಪೂಜೆಗೆ ನಾನು ಹೋದಾಗ ಭಾವ ಹಾಸಿಗೆ ಎತ್ತಿ, ಬೀರು ಸರಿಸಿ, ಮೈಯೆಲ್ಲ ಧೂಳು ಮಾಡಿಕೊಂಡು ನಿಂತಿದ್ದರು.

"ಎಲ್ಲಿ ಹೋಯ್ತೇ ಆ ಕಡೇ ಹಾಳೆ? ಈ ಸಲ ಬಿಡಲ್ಲ ನಾನು!"

"ಸರಿಯಾಗಿ ಹುಡುಕ್ರೀ" ಎಂದು ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಅಲ್ಲೇ ಎಲ್ಲೋ ಇರುತ್ತೆ."

ನಾನು ಬ್ಯಾಗು ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ಮಂಚದ ಕೆಳಗೆ ತೂರಿ ಹುಡುಕತೊಡಗಿದೆ.